ಪಿಟಿ2399 ಡಿಲೇ ಪೆಡಲ್: ಮಾರ್ದನಿ ಮೆತ್ತಗಾಗಿಸಲು ಕೆಪಾಸಿಟರ್ ಎಲ್ಲಿ ಕೂರಬೇಕು?

ಗಿಟಾರ್ ಸದ್ದನ್ನು ತಡಮಾಡಿ ಮಾರ್ದನಿಯಾಗಿ ಮರಳಿಸುವ, ಮನೆಯಲ್ಲೇ ಬೆಸುಗೆ ಹಾಕಿ ಕಟ್ಟುವ ಅಗ್ಗದ ಡಿಲೇ ಪೆಡಲ್‌ಗಳಲ್ಲಿ ಹೆಚ್ಚಿನವು ಪಿಟಿ2399 ಎಂಬ ಒಂದೇ ಚಿಪ್ಪಿನ ಸುತ್ತ ನಿಂತಿವೆ. ಕಟ್ಟಿದವರ ದೂರೂ ಹೆಚ್ಚುಕಮ್ಮಿ ಒಂದೇ: ಮಾರ್ದನಿ ಮೂಲ ಸ್ವರದಷ್ಟೇ ಚೂಪಾಗಿ ಬಂದು ಮುಂದಿನ ಮೀಟಿನ ಮೇಲೆ ಕೂರುತ್ತದೆ, ಅಡಿಯಲ್ಲಿ ಸುಯ್ ಎನ್ನುವ ಸದ್ದು ಬೇರೆ. ಪರಿಹಾರ ಕೆಲವು ರೂಪಾಯಿಯ ಕೆಪಾಸಿಟರ್‌ಗಳಲ್ಲಿದೆ. ಆದರೆ ಅವನ್ನು ಹಾಕಲು ಮೂರು ಜಾಗಗಳಿವೆ, ಮೂರರ ಫಲವೂ ಬೇರೆ ಬೇರೆ. ಒಂದೇ ಬೋರ್ಡಿನಲ್ಲಿ ಮೂರನ್ನೂ ಅದಲುಬದಲು ಮಾಡಿ ಕೇಳಿದಾಗ ಕಂಡದ್ದು ಇಲ್ಲಿದೆ.

ಬೋರ್ಡಿನ ಆರಂಭದ ಸ್ಥಿತಿ ಹೀಗಿತ್ತು. 6ನೇ ಪಿನ್‌ನಿಂದ ಗ್ರೌಂಡಿಗೆ 23.6 ಕೆ (ಕಿಲೋಓಮ್) ರೆಸಿಸ್ಟರ್, ಅಂದರೆ ಸುಮಾರು 300 ಮಿಲಿಸೆಕೆಂಡ್ ಡಿಲೇ. ಒಳಬರುವ ಫಿಲ್ಟರ್ (15, 16ನೇ ಪಿನ್) ಮತ್ತು ಹೊರಹೋಗುವ ಫಿಲ್ಟರ್ (13, 14ನೇ ಪಿನ್) ಎರಡರಲ್ಲೂ ತಲಾ ಮೂರು 10 ಕೆ ರೆಸಿಸ್ಟರ್, ಪಿನ್‌ಗಳ ನಡುವೆ 1 ನ್ಯಾನೋ (ನ್ಯಾನೋಫ್ಯಾರಡ್) ಕೆಪಾಸಿಟರ್, ಗ್ರೌಂಡಿಗೆ 4.7 ನ್ಯಾನೋ. ಈ ಮೌಲ್ಯಗಳಲ್ಲಿ ಕಡಿತ, ಅಂದರೆ ಮೇಲಿನ ಆವರ್ತನಗಳು ಇಳಿಯಲು ಶುರುವಾಗುವ ಜಾಗ, ಸುಮಾರು 7.3 ಕಿಲೋಹರ್ಟ್ಸ್‌ಗೆ ಬರುತ್ತದೆ. ಕೆಪಾಸಿಟರ್ ಜಾಗದಲ್ಲಿ ಹೆಣ್ಣು ಹೆಡರ್ ಪಟ್ಟಿಯ (ಕಾಲು ಸಿಕ್ಕಿಸಿ ತೆಗೆಯಬಹುದಾದ ಸಾಕೆಟ್) ತುಂಡು ಬೆಸೆದರೆ ಪ್ರತಿ ಸಲ ಬೆಸುಗೆ ಬಿಚ್ಚುವ ಗೋಳಿಲ್ಲ. ನಾಲ್ಕಾರು ಸಲ ಕಾಯಿಸಿದರೆ ಅಗ್ಗದ ಬೋರ್ಡಿನ ತಾಮ್ರ ಎದ್ದೇ ಬರುತ್ತದೆ.

ಮೊದಲ ದಾರಿ, ಚಿಪ್ಪಿನ ಫಿಲ್ಟರ್‌ಗಳನ್ನೇ ತಗ್ಗಿಸುವುದು. 1 ನ್ಯಾನೋ ಬದಲು 2.2, 4.7 ಬದಲು 10 ನ್ಯಾನೋ ಹಾಕಿದರೆ ಕಡಿತ 3.4 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಎರಡನ್ನೂ ಒಟ್ಟಿಗೇ ಬದಲಿಸಬೇಕು, ಇಲ್ಲಿ ಎಡವುವವರೇ ಹೆಚ್ಚು. ಗ್ರೌಂಡಿನದನ್ನು ಮಾತ್ರ 10ಕ್ಕೆ ಏರಿಸಿದರೆ 3.7 ಕಿಲೋಹರ್ಟ್ಸ್ ಸುಮಾರಿಗೆ ಒಂದೂವರೆ ಡಿಬಿಯ (ಡೆಸಿಬೆಲ್) ಉಬ್ಬು ಏಳುತ್ತದೆ. ಮೆತ್ತಗಾಗಬೇಕಿದ್ದ ದನಿ ಮೂಗಿನಿಂದ ಬಂದಂತಾಗುತ್ತದೆ. ಪಿನ್‌ಗಳ ನಡುವಿನದನ್ನು ಮಾತ್ರ ಏರಿಸಿದರೆ ಕಡಿತ ಬೇಗ ಶುರುವಾಗಿ ದನಿ ಸಪ್ಪೆಯಾಗುತ್ತದೆ. ನಿಮ್ಮ ಬೋರ್ಡಿನಲ್ಲಿ ಬೇರೆ ಮೌಲ್ಯಗಳಿದ್ದರೂ ಎರಡರ ನಡುವಿನ ಅನುಪಾತ ಕಾಪಾಡಿ.

ಎರಡು ಫಿಲ್ಟರ್‌ಗಳ ಕೆಲಸವೂ ಒಂದೇ ಅಲ್ಲ. ಒಳಬರುವ ಕಡೆ ಮಾತ್ರ ತಗ್ಗಿಸಿದರೆ ಮಾರ್ದನಿ ಮಂದವಾಗುತ್ತದೆ, ಸುಯ್ ಸದ್ದು ಹಾಗೇ ಉಳಿಯುತ್ತದೆ. ಆ ಸದ್ದು ಹುಟ್ಟುವುದು ಅದರ ಆಚೆ, ಚಿಪ್ಪಿನೊಳಗೆ. ಹೊರಹೋಗುವ ಕಡೆ ತಗ್ಗಿಸಿದರೆ ಎರಡೂ ಇಳಿಯುತ್ತವೆ. ಹಾಗಾಗಿ ಒಂದನ್ನೇ ಮುಟ್ಟುವುದಾದರೆ 13, 14ನೇ ಪಿನ್ ಕಡೆಯದನ್ನು ಮುಟ್ಟಿ. ಎರಡನ್ನೂ 3.4ಕ್ಕೆ ಇಳಿಸಿದಾಗ ಆ ಆವರ್ತನದಲ್ಲಿ ಮೊದಲ ಮಾರ್ದನಿಯೇ 6 ಡಿಬಿ ಕೆಳಗೆ ಬರುತ್ತದೆ, ಐದನೆಯದು 30 ಡಿಬಿ. ಕಂಬಳಿ ಹೊದಿಸಿದ ಹಾಗೆ ಕೇಳುತ್ತದೆ. ನನಗೆ ಇದು ಅತಿಯಾಯಿತು.

ಎರಡನೆಯ ದಾರಿ ಫೀಡ್‌ಬ್ಯಾಕ್ ಹಾದಿಯದು, ಅಂದರೆ ಮಾರ್ದನಿ ಮತ್ತೆ ಚಿಪ್ಪಿನೊಳಗೆ ಮರಳುವ ಹಾದಿಯದು. ರಿಪೀಟ್ ಪಾಟ್‌ನಿಂದ (ಮಾರ್ದನಿ ಎಷ್ಟು ಸಲ ಬರಬೇಕೆಂದು ತಿರುಗಿಸುವ ರೆಸಿಸ್ಟರ್) ಒಳಬರುವ ಫಿಲ್ಟರ್‌ಗೆ ಮರಳುವ ರೆಸಿಸ್ಟರ್ ತೆಗೆದು ಎರಡು 10 ಕೆಗಳನ್ನು ಸಾಲಾಗಿ ಹಾಕಿ, ಅವು ಸೇರುವಲ್ಲಿಂದ ಗ್ರೌಂಡಿಗೆ 10 ನ್ಯಾನೋ ಕೊಡಿ. ಕಡಿತ ಸುಮಾರು 3.2 ಕಿಲೋಹರ್ಟ್ಸ್; ಪಾಟ್ ತಿರುಗಿಸಿದಂತೆ ತುಸು ಆಚೀಚೆ ಆಗುತ್ತದೆ. ಇಲ್ಲಿ ಮೊದಲ ಮಾರ್ದನಿ ಪೂರ್ತಿ ಸ್ಪಷ್ಟ. ಎರಡನೆಯದು ಆ ಆವರ್ತನದಲ್ಲಿ 3 ಡಿಬಿ ಕೆಳಗೆ, ಐದನೆಯದು 12 ಡಿಬಿ. ಸದ್ದು ಸಣ್ಣದಾಗುವುದಲ್ಲ, ದೂರ ಸರಿಯುತ್ತಾ ಹೋಗುತ್ತದೆ. ಟೇಪ್ ಎಕೋದ ಗುಣ ಬೇಕೆನ್ನುವವರು ಹುಡುಕುವುದು ಇದನ್ನೇ.

ಒಂದು ತೊಡಕಿದೆ. ಮೇಲಿನ ಆವರ್ತನಗಳು ಸುತ್ತುಸುತ್ತಿಗೆ ಸೋರಿದಾಗ ಉಳಿಯುವುದು ಬರೀ ಬಾಸ್. ರಿಪೀಟ್ ಏರಿಸಿದರೆ ಅದೇ ರಾಶಿಬಿದ್ದು ಗುಂಯ್ ಎಂದು ಊಳಿಡಲು ಶುರುಮಾಡುತ್ತದೆ. ಅದೇ ಹಾದಿಯ 1 ಮೈಕ್ರೋ ಕಪ್ಲಿಂಗ್ ಕೆಪಾಸಿಟರ್ ತೆಗೆದು 47 ನ್ಯಾನೋ ಹಾಕಿ. ಸುಮಾರು 170 ಹರ್ಟ್ಸ್ ಕೆಳಗಿನದು ಕಡಿತವಾಗುತ್ತದೆ. ದಪ್ಪ ಇ ತಂತಿಯ 82 ಹರ್ಟ್ಸ್ ಪ್ರತಿ ಸುತ್ತಿಗೂ 7 ಡಿಬಿಯಷ್ಟು ಇಳಿಯುತ್ತದೆ. ಈ ಎರಡು ಬದಲಾವಣೆ ಜೋಡಿಯಾಗಿಯೇ ಇರಬೇಕು. ಒಂದನ್ನೇ ಮಾಡಿ ಬೇಸರಪಟ್ಟು ಕಿತ್ತುಹಾಕಬೇಡಿ.

ಮೂರನೆಯದು ಟೋನ್ ಪಾಟ್. ಮಾರ್ದನಿ ಮಿಕ್ಸ್‌ಗೆ (ಮೂಲ ಸ್ವರದೊಂದಿಗೆ ಬೆರೆಯುವಲ್ಲಿಗೆ) ಹೋಗುವ ದಾರಿಯಲ್ಲಿ 4.7 ಕೆ ಸೇರಿಸಿ, ಅದರಾಚೆಯಿಂದ 47 ನ್ಯಾನೋ ಮತ್ತು ಲಾಗ್ ಮಾದರಿಯ 25 ಕೆ ಪಾಟ್ ಮೂಲಕ ಗ್ರೌಂಡಿಗೆ ಇಳಿಸಿ. ಮಿಕ್ಸ್ ರೆಸಿಸ್ಟರ್ 10 ಕೆ ಇದ್ದರೆ 5.6ಕ್ಕೆ ಇಳಿಸಲೇಬೇಕು, ಇಲ್ಲದಿದ್ದರೆ ಮಾರ್ದನಿಯ ಗಟ್ಟಿತನ 3 ಡಿಬಿಗೂ ಹೆಚ್ಚು ಬೀಳುತ್ತದೆ. ಪಾಟ್ ಸೊನ್ನೆಯಲ್ಲಿದ್ದಾಗ ಕಡಿತ ಸುಮಾರು 1.3 ಕಿಲೋಹರ್ಟ್ಸ್, ಪೂರ್ತಿ ತೆರೆದಾಗ ಬಹುತೇಕ ಮೊದಲಿನ ದನಿಯೇ. ಲೀನಿಯರ್ ಪಾಟ್ ಹಾಕಿದರೆ ಬದಲಾವಣೆಯೆಲ್ಲ ಕೊನೆಯ ಚೂರು ತಿರುವಿನಲ್ಲೇ ಆಗಿ ಹೋಗುತ್ತದೆ. ರಿಪೀಟ್ ಪಾಟ್‌ಗೆ ಹೋಗುವ ತಂತಿ 4.7 ಕೆಗಿಂತ ಮೊದಲೇ ಕವಲೊಡೆಯಲಿ. ಈ ದಾರಿಯಲ್ಲಿ ಎಲ್ಲ ಮಾರ್ದನಿಗಳೂ ಸಮನಾಗಿ ಮಂದವಾಗುತ್ತವೆ, ಆಳದ ಭಾವ ಬರುವುದಿಲ್ಲ. ಆದರೆ ಗಿಟಾರ್ ಬದಲಿಸಿದಾಗ ಕೈಗೆ ಸಿಗುವ ಗುಂಡಿ ಇದೊಂದೇ.

ಕೇಳುವ ಸಾಧನವೂ ತೀರ್ಪು ಬದಲಿಸುತ್ತದೆ. 12 ಇಂಚಿನ ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ಮೇಲೆ ತಾನೇ ಕಡಿದಾಗಿ ಬೀಳುವುದರಿಂದ 7.3ರಿಂದ 5ಕ್ಕೆ ಇಳಿಸಿದ್ದು ಆಂಪ್‌ನಲ್ಲಿ ಅಷ್ಟಾಗಿ ತಿಳಿಯದು. ನೇರ ರೆಕಾರ್ಡಿಂಗ್‌ನಲ್ಲಿ, ಹೆಡ್‌ಫೋನ್‌ನಲ್ಲಿ ಅದೇ ಬದಲಾವಣೆ ಸುಯ್ ಸದ್ದನ್ನು ಎದ್ದು ಕಾಣುವಂತೆ ತಗ್ಗಿಸುತ್ತದೆ. ಡಿಲೇ ಸಮಯ ಉದ್ದವಾದಷ್ಟೂ ಆ ಸದ್ದು ಹೆಚ್ಚು, ಆದ್ದರಿಂದ ಗುಂಡಿಯನ್ನು ಪೂರ್ತಿ ಉದ್ದಕ್ಕೆ ತಿರುಗಿಸಿಯೂ ಒಮ್ಮೆ ಕೇಳಿ.

ಕೆಪಾಸಿಟರ್‌ಗಳು ಪಾಲಿಯೆಸ್ಟರ್ ಫಿಲ್ಮ್‌ನವು ಇರಲಿ. 103, 473 ಎಂದು ಬರೆದ ಅಗ್ಗದ ಸೆರಾಮಿಕ್ ಬಿಲ್ಲೆಗಳ ಮೌಲ್ಯ ವೋಲ್ಟೇಜಿಗೂ ಬಿಸಿಗೂ ಜಾರುವುದರಿಂದ ಮೇಲಿನ ಲೆಕ್ಕ ಕೂಡಿಬರುವುದಿಲ್ಲ. 9-10 ಮತ್ತು 11-12ನೇ ಪಿನ್‌ಗಳ ನಡುವಿನ 100 ನ್ಯಾನೋಗಳನ್ನು ದನಿಗಾಗಿ ಮುಟ್ಟಬೇಡಿ. ಅವು ಚಿಪ್ಪಿನ ಸಂಕೇತ ಕಟ್ಟುವ, ಬಿಡಿಸುವ ಕೆಲಸಕ್ಕೆ ಸೇರಿದವು.

ಈ ಬೋರ್ಡಿನಲ್ಲಿ ಕೊನೆಗೆ ಉಳಿದದ್ದು ಎರಡನೆಯ ದಾರಿಯ ಜೋಡಿ. ಜೊತೆಗೆ ಹೊರಹೋಗುವ ಫಿಲ್ಟರ್‌ನಲ್ಲಿ ಮಾತ್ರ 1.5 ಮತ್ತು 6.8 ನ್ಯಾನೋ, ಅಂದರೆ 5 ಕಿಲೋಹರ್ಟ್ಸ್ ಕಡಿತ. ಟೋನ್ ಪಾಟ್‌ಗೆಂದು ಡಬ್ಬಿಯಲ್ಲಿ ಕೊರೆದ ತೂತಿಗೆ ರಬ್ಬರ್ ಬಿರಡೆ ಬಿದ್ದಿದೆ.