374 ಅಂತ ಬರೆದಿದೆ ಎಂದು ನಂಬಿ ಸ್ವೀಪ್ ಹುಟ್ಟು ಕೊಳ್ಳಬೇಡಿ

ರೋಯಿಂಗ್‌ನ ಎಂಟು ಜನರ ತಂಡವೊಂದು ಸ್ವೀಪ್ ಹುಟ್ಟುಗೋಲುಗಳ (ಒಬ್ಬೊಬ್ಬರು ಎರಡೂ ಕೈಯಲ್ಲಿ ಒಂದೊಂದೇ ಹಿಡಿದು ಎಳೆಯುವಂಥವು) ಪೂರ್ತಿ ಸೆಟ್ಟನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿತು. ಮಾರುವವರು ಕೊಟ್ಟ ವಿವರ ಒಂದೇ ಸಾಲಿನದು: ಹ್ಯಾಚೆಟ್ ಬ್ಲೇಡ್ (ಕೊಡಲಿಯಾಕಾರದ ಅಗಲ ತುದಿ), ಕಾರ್ಬನ್ ಶಾಫ್ಟ್ (ಉದ್ದನೆಯ ಕೋಲು), ಉದ್ದ 374 (ಸೆಂ.ಮೀ.), ಮೀಡಿಯಂ (ಶಾಫ್ಟ್‌ನ ಗಡಸುತನ), ಒಳ್ಳೆಯ ಸ್ಥಿತಿ. ಫೋಟೋದಲ್ಲಿ ಬ್ಲೇಡ್‌ಗಳ ಬಣ್ಣ ಹೊಸದಾಗಿತ್ತು. ಎಂಟಕ್ಕೂ ಒಂದೇ ಬಣ್ಣ ಇದ್ದದ್ದರಿಂದ ಎಂಟೂ ಒಂದೇ ಸೆಟ್ ಎಂದು ಎಲ್ಲರೂ ಅಂದುಕೊಂಡರು. ಅದರಿಂದ ಒಂದು ಸೀಸನ್ ಹೋಯಿತು. ಹಣ ಹೋದದ್ದಕ್ಕಿಂತ ಹೆಚ್ಚಿನ ನಷ್ಟ ಏನೆಂದರೆ, ತಿಂಗಳುಗಟ್ಟಲೆ ಹುಟ್ಟುಗಳ ಮೇಲೆ ಯಾರಿಗೂ ಅನುಮಾನವೇ ಬರಲಿಲ್ಲ. ಬೈಸಿಕೊಂಡವರು ಹುಟ್ಟು ಹಾಕುವವರು.

ಲಕ್ಷಣಗಳು ಹೀಗಿದ್ದವು. ದೋಣಿ ಎಳೆತದ ಹೊತ್ತಿಗೆ ಸ್ಟಾರ್‌ಬೋರ್ಡ್ (ದೋಣಿ ಸಾಗುವ ದಿಕ್ಕಿಗೆ ಬಲಬದಿ) ಕಡೆ ವಾಲುತ್ತಿತ್ತು. 5ನೇ ಸೀಟಿನ ಬ್ಲೇಡ್ ನೀರಿಗೆ ಬಿದ್ದ ಕೂಡಲೇ ಆಳಕ್ಕೆ ಇಳಿಯುತ್ತಿತ್ತು, 3ನೇ ಸೀಟಿನದು ಎಳೆತದ ಅರ್ಧಕ್ಕೇ ನೀರು ಬಿಟ್ಟು ಮೇಲೆ ಬರುತ್ತಿತ್ತು. ಸ್ಟ್ರೋಕ್ ರೇಟ್ ಸ್ವಲ್ಪ ಏರಿಸಿದರೆ ಸಾಕು, ಇಬ್ಬರು ಹಿಂದೆ ಬೀಳುತ್ತಿದ್ದರು. ಇಬ್ಬರಿಗೆ ಪಕ್ಕೆಲುಬಿನ ನೋವು ಶುರುವಾಯಿತು. ಗೇಟ್‌ನ (ಹುಟ್ಟು ಕೂತು ತಿರುಗುವ ಕೊಂಡಿಯ) ಎತ್ತರ ಬದಲಿಸಿದರು, ಸೀಟು ಬದಲಿಸಿದರು, ಕೈ ಎತ್ತರ ಸರಿಯಿಲ್ಲವೆಂದು ಕಾಕ್ಸ್ (ದೋಣಿ ನಡೆಸುತ್ತ ಸೂಚನೆ ಕೊಡುವವರು) ದಿನವೂ ಕೂಗಿದರು. ಯಾವುದೂ ಫಲಿಸಲಿಲ್ಲ.

ಕೊನೆಗೆ ಗುಟ್ಟು ಬಯಲಾದದ್ದು ಬಹಳ ಸರಳವಾದ ಪರೀಕ್ಷೆಯಿಂದ. ಒಂದೇ ಬದಿಯ ಎರಡು ಸೀಟುಗಳ ಹುಟ್ಟುಗಳನ್ನು ಅದಲು ಬದಲು ಮಾಡಿ, ಜನರನ್ನು ಮಾತ್ರ ಕದಲಿಸಬೇಡಿ. ತೊಂದರೆ ಸೀಟಿನಲ್ಲೇ ಉಳಿದರೆ ರಿಗ್ಗರ್ (ಗೇಟನ್ನು ದೋಣಿಯ ಹೊರಗೆ ಹಿಡಿದಿಡುವ ಚೌಕಟ್ಟು) ಅಥವಾ ಮನುಷ್ಯನದು. ಹುಟ್ಟಿನ ಜೊತೆ ಹೋದರೆ ಹುಟ್ಟಿನದು. 5 ಮತ್ತು 7ನ್ನು ಬದಲಿಸಿದ ಮೊದಲ ಸುತ್ತಿನಲ್ಲೇ 7ರ ಬ್ಲೇಡ್ ಮುಳುಗತೊಡಗಿತು. ಅಲ್ಲಿಂದ ಎಂಟನ್ನೂ ಬೆಂಚಿಗೆ ತಂದು ಅಳೆದಾಗ ಒಂದೊಂದೇ ಹೊರಬಿತ್ತು. ಇಷ್ಟನ್ನೂ ಕೊಳ್ಳುವ ಮೊದಲೇ, ಒಂದು ಟೇಪು, ಒಂದು ಡಿಜಿಟಲ್ ಪಿಚ್ ಮೀಟರ್ (ಬ್ಲೇಡ್‌ನ ಓರೆಯನ್ನು ಡಿಗ್ರಿಯಲ್ಲಿ ಅಳೆಯುವ ಸಾಧನ), ಒಂದು 10 ಕೆ.ಜಿ. ತೂಕ ಇಟ್ಟುಕೊಂಡು ಅರ್ಧ ದಿನದಲ್ಲಿ ನೋಡಬಹುದಿತ್ತು.

ಮೊದಲು ಉದ್ದದ ವಿಷಯ, ಏಕೆಂದರೆ ಹೆಚ್ಚು ಜನ ಎಡವುವುದು ಇಲ್ಲೇ. ಹುಟ್ಟಿನ ಮೇಲಿನ ಚೀಟಿಯಲ್ಲಿರುವ ಅಂಕಿ ಕಾರ್ಖಾನೆಯಿಂದ ಹೊರಟಾಗಿನದು. ಈಗಿನ ಬಹುತೇಕ ಹುಟ್ಟುಗಳಲ್ಲಿ ಹಿಡಿಯನ್ನು ಒಳಗೆ ಹೊರಗೆ ಸರಿಸುವ ವ್ಯವಸ್ಥೆ ಇರುತ್ತದೆ; ಹಿಂದಿನ ಮಾಲೀಕರು ಅದನ್ನು ಎಲ್ಲಿಗೆ ತಂದು ಬಿಗಿದಿದ್ದಾರೋ ಚೀಟಿಗೆ ಗೊತ್ತಿರುವುದಿಲ್ಲ. ಈ ಸೆಟ್‌ನಲ್ಲಿ ಆರು 376 ಇದ್ದವು, ಎರಡು 374.

ಆರು ಹುಟ್ಟುಗಳನ್ನೂ 374ಕ್ಕೆ ತರಲು ಹಿಡಿಯನ್ನು 2 ಸೆಂ.ಮೀ. ಒಳಗೆ ತಳ್ಳಿದರು. ಉದ್ದ ಕಡಿಮೆಯಾದರೆ ಎಳೆಯಲು ಹಗುರ ಎಂಬ ಲೆಕ್ಕ. ಮರುದಿನ ಹುಟ್ಟು ಇನ್ನೂ ಭಾರವಾಯಿತು! ಕಾರಣ ನೋಡಿ. ಭಾರವನ್ನು ನಿರ್ಧರಿಸುವುದು ಒಟ್ಟು ಉದ್ದವಲ್ಲ, ಕಾಲರ್‌ನಿಂದ (ಹುಟ್ಟು ಗೇಟ್‌ನಿಂದ ಹೊರಜಾರದಂತೆ ತಡೆಯುವ ಉಂಗುರದಿಂದ) ಬ್ಲೇಡ್ ತುದಿಯವರೆಗಿನ ಔಟ್‌ಬೋರ್ಡ್‌ಗೂ, ಕಾಲರ್‌ನಿಂದ ಹಿಡಿಯ ತುದಿಯವರೆಗಿನ ಇನ್‌ಬೋರ್ಡ್‌ಗೂ ಇರುವ ಅನುಪಾತ. 376 ಉದ್ದ, 114 ಇನ್‌ಬೋರ್ಡ್ ಇದ್ದಾಗ ಔಟ್‌ಬೋರ್ಡ್ 262, ಅನುಪಾತ 2.30. ಹಿಡಿಯನ್ನು 2 ಸೆಂ.ಮೀ. ತಳ್ಳಿದರೆ ಔಟ್‌ಬೋರ್ಡ್ 262 ಹಾಗೇ ಉಳಿಯುತ್ತದೆ, ಇನ್‌ಬೋರ್ಡ್ 112ಕ್ಕೆ ಇಳಿಯುತ್ತದೆ, ಅನುಪಾತ 2.34ಕ್ಕೆ ಏರುತ್ತದೆ. ಹಗುರವಾಗಬೇಕಿದ್ದರೆ ಹಿಡಿಯನ್ನು ತಳ್ಳಿದಷ್ಟೇ ಕಾಲರನ್ನೂ ಬ್ಲೇಡ್ ಕಡೆಗೆ 2 ಸೆಂ.ಮೀ. ಸರಿಸಬೇಕಿತ್ತು: 374, 114, ಔಟ್‌ಬೋರ್ಡ್ 260, ಅನುಪಾತ 2.28. ಪಕ್ಕೆಲುಬಿನ ನೋವು ಹೆಚ್ಚಿದ್ದು ಈ ತಿದ್ದುಪಡಿಯ ನಂತರವೇ. ಸಂಬಂಧ ಇರಲೇಬೇಕು ಅಂತಿಲ್ಲ, ಆದರೆ ಹೊರೆ ಹಠಾತ್ತನೆ ಏರಿದಾಗ ಪಕ್ಕೆಲುಬು ಮತ್ತು ಕೆಳಬೆನ್ನು ಮೊದಲು ದೂರು ಕೊಡುವುದು ರೋಯಿಂಗ್‌ನಲ್ಲಿ ಹೊಸದೇನಲ್ಲ.

ಇನ್‌ಬೋರ್ಡ್ ಅಳೆಯುವಾಗ ಕಾಲರ್‌ನ ಯಾವ ಮುಖ ಎಂಬುದು ಮುಖ್ಯ. ಹಿಡಿಯ ತುದಿಯಿಂದ ಕಾಲರ್‌ನ ಬ್ಲೇಡ್ ಕಡೆಯ ಮುಖಕ್ಕೆ, ಅಂದರೆ ಗೇಟ್‌ಗೆ ಒತ್ತಿ ನಿಲ್ಲುವ ಮುಖಕ್ಕೆ ಅಳೆಯಬೇಕು. ಒಬ್ಬರು ಈ ಮುಖಕ್ಕೆ, ಇನ್ನೊಬ್ಬರು ಆ ಮುಖಕ್ಕೆ ಅಳೆದರೆ ಕಾಲರ್‌ನ ದಪ್ಪದಷ್ಟೇ ವ್ಯತ್ಯಾಸ ಬರುತ್ತದೆ, ಅಷ್ಟಕ್ಕೇ ರಿಗ್ಗಿಂಗ್ ಪಟ್ಟಿಯೆಲ್ಲ (ದೋಣಿ, ಹುಟ್ಟುಗಳ ಹೊಂದಾಣಿಕೆಯ ಅಂಕಿಗಳು) ಸುಳ್ಳಾಗುತ್ತದೆ. ಕಾಲರ್ ಮೇಲೆ ಕ್ಲ್ಯಾಮ್ ಸಿಕ್ಕಿಸಿದ್ದರೆ ತೆಗೆದು ಅಳೆಯಿರಿ. ಕ್ಲ್ಯಾಮ್ ಇನ್‌ಬೋರ್ಡನ್ನು ಹೆಚ್ಚಿಸಿ ಹೊರೆ ಇಳಿಸುವ ಸಾಧನ, ಎದುರುಗಾಳಿಯ ದಿನ ಬಹಳ ಉಪಯೋಗ. ಆದರೆ ಮಾರಾಟದ ದಿನ ಒಂದೆರಡು ಹುಟ್ಟಿಗೆ ಸಿಕ್ಕಿಸಿದ್ದನ್ನು ಗಮನಿಸದೆ ಹೋದರೆ ಮೋಸವಾಗುತ್ತದೆ.

ಯಾವ ಅಂಕಿ ಸರಿ ಎಂದು ಕೇಳುವವರಿಗೆ: ಹ್ಯಾಚೆಟ್ ಬ್ಲೇಡಿನ ಎಂಟರ ದೋಣಿಗೆ ಸ್ಪ್ರೆಡ್ (ದೋಣಿಯ ನಡುಗೆರೆಯಿಂದ ಗೇಟ್ ತಿರುಗುವ ಗೂಟದವರೆಗಿನ ದೂರ) 83ರಿಂದ 85, ಇನ್‌ಬೋರ್ಡ್ ಅದಕ್ಕಿಂತ ಸುಮಾರು 30 ಹೆಚ್ಚು, ಅಂದರೆ 113ರಿಂದ 115, ಒಟ್ಟು ಉದ್ದ 372ರಿಂದ 376. ಇಬ್ಬರ ದೋಣಿಗೆ ಸ್ಪ್ರೆಡ್ 86 ಅಥವಾ 87, ಇನ್‌ಬೋರ್ಡ್ 116 ಅಥವಾ 117. ಎಂಟಕ್ಕೆ ಹೊಂದಿಸಿದ ಹುಟ್ಟನ್ನು ಕಾಲರ್ ಸರಿಸದೆ ಇಬ್ಬರ ದೋಣಿಗೆ ಒಯ್ದರೆ ಕೈಗಳ ಹಾದಿ ತಪ್ಪುತ್ತದೆ. ದೊಡ್ಡ ವಿಸ್ತಾರದ, ಗಿಡ್ಡ ಬ್ಲೇಡಿನ ಫ್ಯಾಟ್2 ಥರದ ಮಾದರಿಗಳನ್ನು ಇದಕ್ಕಿಂತ ಹಲವು ಸೆಂಟಿಮೀಟರ್ ಗಿಡ್ಡವಾಗಿ ಕಟ್ಟಬೇಕು; ಅದನ್ನು 374ಕ್ಕೆ ಇಟ್ಟರೆ ಗೋಡೆ ಎಳೆದ ಹಾಗೆ. ಹಳೆಯ ಪಟ್ಟಿಗಳಲ್ಲಿ 380 ದಾಟಿದ ಅಂಕಿಗಳು ಕಂಡರೆ ಅವು ಮ್ಯಾಕನ್ ಬ್ಲೇಡಿನ ಕಾಲದವು. ಹ್ಯಾಚೆಟ್ ಬಂದದ್ದು 1991ರಲ್ಲಿ, ಬಂದ ಮೇಲೆ ಹುಟ್ಟುಗಳು ಗಿಡ್ಡವಾದವು. ಒಲಿಂಪಿಕ್ ತಂಡಗಳ ಅಂಕಿಯನ್ನು ಜೂನಿಯರ್‌ಗಳಿಗೆ ನಕಲು ಮಾಡುವ ಚಟವಂತೂ ಬಿಡಲೇಬೇಕು.

ಇನ್ನು ಪಿಚ್. ಮುಳುಗುವ 5ನೇ ಹುಟ್ಟು, ತೇಲುವ 3ನೇ ಹುಟ್ಟು, ಎರಡರ ರಹಸ್ಯವೂ ಇದೇ. ಎಳೆತದ ಹೊತ್ತಿಗೆ ಬ್ಲೇಡ್ ನೇರ ಲಂಬವಾಗಿರದೆ ಸ್ವಲ್ಪ ಓರೆಯಾಗಿರಬೇಕು, ಸಾಮಾನ್ಯವಾಗಿ ಒಟ್ಟು 4 ಡಿಗ್ರಿ. ಅದನ್ನು ಗೇಟ್ ಕೊಡುತ್ತದೆ, ಹುಟ್ಟಿನ ಪಾಲು ಸೊನ್ನೆ ಇರಬೇಕು. ಹುಟ್ಟಿನಲ್ಲೇ ಮೈನಸ್ 2 ಇದ್ದರೆ ಒಟ್ಟು 2 ಆಗಿ ಬ್ಲೇಡ್ ಆಳಕ್ಕೆ ಓಡುತ್ತದೆ, ಹಿಡಿ ಎತ್ತರಕ್ಕೆ ಏರುತ್ತದೆ, ಆ ಬದಿಗೆ ದೋಣಿ ವಾಲುತ್ತದೆ. ಪ್ಲಸ್ 3 ಇದ್ದರೆ ಒಟ್ಟು 7, ಬ್ಲೇಡ್ ಹಿಡಿತ ಬಿಟ್ಟು ಮೇಲೆ ಜಾರುತ್ತದೆ. ಗೇಟ್‌ನ ಎತ್ತರ ಎಷ್ಟು ಬದಲಿಸಿದರೂ ಇದು ಸರಿಹೋಗುವುದಿಲ್ಲ.

ಅಳೆಯುವ ಕ್ರಮ ಹೀಗಿದೆ. ಹುಟ್ಟನ್ನು ಮಟ್ಟವಾದ ಬೆಂಚಿನ ಮೇಲಿಡಿ. ಸ್ಲೀವ್‌ನ (ಶಾಫ್ಟ್ ಮೇಲಿನ, ಗೇಟ್‌ನಲ್ಲಿ ಕೂರುವ ಕವಚದ) ಚಪ್ಪಟೆ ಬೆನ್ನು, ಅಂದರೆ ಎಳೆತದಲ್ಲಿ ಗೇಟ್‌ಗೆ ಒತ್ತುವ ಬದಿ, ಕೆಳಗೆ ಬರಲಿ. ಬ್ಲೇಡ್‌ನ ಗುಳಿ ಮೇಲ್ಮುಖವಾಗುತ್ತದೆ. ಮೀಟರನ್ನು ಮೊದಲು ಸ್ಲೀವ್ ಕುಳಿತ ಜಾಗದ ಮೇಲೆ ಸೊನ್ನೆ ಮಾಡಿ, ಆಮೇಲೆ ಬ್ಲೇಡ್‌ನ ತುದಿಯ ಹತ್ತಿರ ಅಡ್ಡಲಾಗಿಡಿ. ಎಂಟಕ್ಕೂ ತುದಿಯಿಂದ ಅಷ್ಟೇ ದೂರದಲ್ಲಿ ಓದಿ, ಬ್ಲೇಡ್ ತಿರುಚಿಕೊಂಡಿರುವುದರಿಂದ ಜಾಗ ಬದಲಾದರೆ ಓದು ಬದಲಾಗುತ್ತದೆ. ಅರ್ಧ ಡಿಗ್ರಿಯ ವ್ಯತ್ಯಾಸ ನಡೆಯುತ್ತದೆ. ಎರಡು ಡಿಗ್ರಿ ಎಂದರೆ ಸ್ಲೀವ್ ತಿರುಗಿದೆ, ಇಲ್ಲವೇ ಬದಲಿಸುವಾಗ ಓರೆಯಾಗಿ ಅಂಟಿಸಿದ್ದಾರೆ. ಅಂಟಿಸಿದ್ದನ್ನು ಬಿಚ್ಚಿ ಮತ್ತೆ ಕೂರಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಸ್ಲೀವ್‌ನ ಚಪ್ಪಟೆ ಸವೆದು ಅಂಚು ದುಂಡಗಾಗಿದ್ದರೆ ಓದು ಸರಿಬಂದರೂ ನೀರಿನಲ್ಲಿ ಬ್ಲೇಡ್ ಅಲುಗಾಡುತ್ತದೆ. ಹುಟ್ಟನ್ನು ಗೇಟಿಗೆ ಹಾಕಿ ಬ್ಲೇಡ್ ನಿಲ್ಲಿಸಿ ಕೈಯಿಂದ ತಿರುಚಿ ನೋಡಿದರೆ ಆ ಸಡಿಲ ತಿಳಿಯುತ್ತದೆ.

ಹಿಂದೆ ಬೀಳುತ್ತಿದ್ದ ಆ ಇಬ್ಬರ ಹುಟ್ಟುಗಳು ಬೇರೆಯದೇ ಕಥೆ. ಚೀಟಿ ಎಂಟರಲ್ಲೂ ಮೀಡಿಯಂ ಎಂದೇ ಇತ್ತು. ಆದರೆ ಆ ಎರಡು, ಹಿಂದೆ ಮುರಿದುಹೋದವುಗಳ ಬದಲಿಗೆ ತಂದ ಬೇರೆ ಕಂಪನಿಯ ಹುಟ್ಟುಗಳು. ಬಣ್ಣ ಬಳಿದು ಸೇರಿಸಿದ್ದರು. 374 ಇದ್ದದ್ದೂ ಅವೇ. ಶಾಫ್ಟ್‌ನ ಗಡಸುತನಕ್ಕೆ ಕಂಪನಿಗಳು ಇಟ್ಟ ಹೆಸರು ಒಂದಕ್ಕೊಂದು ಹೊಂದುವುದಿಲ್ಲ. ಹಿಡಿ ಮತ್ತು ಸ್ಲೀವ್ ಎರಡು ಕಡೆ ಬಿಗಿಯಾಗಿ ಹಿಡಿದು, ಕಾಲರ್‌ನಿಂದ 2 ಮೀಟರ್ ಆಚೆ 10 ಕೆ.ಜಿ. ತೂಗುಹಾಕಿ ಶಾಫ್ಟ್ ಎಷ್ಟು ಬಗ್ಗಿತು ಎಂದು ಮಿಲಿಮೀಟರ್‌ನಲ್ಲಿ ಬರೆಯಿರಿ. ಎಂಟು ಅಂಕಿಗಳು ಹತ್ತಿರ ಹತ್ತಿರ ಇರಬೇಕು. ಒಂದೆರಡು ಮಿಲಿಮೀಟರ್ ಬಿಡಿ. ಸೆಂಟಿಮೀಟರ್ ಬಂದರೆ ಅದು ಸೆಟ್ ಅಲ್ಲ. ಗಡಸು ಹುಟ್ಟಿನವರಿಗೆ ಹೊರೆ ಕ್ಯಾಚ್‌ನಲ್ಲೇ (ಬ್ಲೇಡ್ ನೀರು ಹಿಡಿಯುವ ಕ್ಷಣದಲ್ಲೇ) ಒಮ್ಮೆಲೇ ಬೀಳುತ್ತದೆ, ಮೆದುವಿನವರಿಗೆ ನಿಧಾನ ಏರುತ್ತದೆ, ಎಂಟು ಜನ ಕೂಡಿ ಎಳೆದರೂ ದೋಣಿಗೆ ಕೂಡಿ ತಲುಪುವುದಿಲ್ಲ. ಹಗುರ ದೇಹದವರ ತಂಡಕ್ಕೆ ಮೆದು ಶಾಫ್ಟೇ ಒಳ್ಳೆಯದು. ಗಡಸಾದರೆ ವೇಗ ಎಂಬ ನಂಬಿಕೆ ಮಾರುವವರಿಗೆ ಲಾಭ.

ಬದಿಗಳನ್ನು ಎಣಿಸಿ: 4 ಪೋರ್ಟ್ (ಎಡಬದಿ), 4 ಸ್ಟಾರ್‌ಬೋರ್ಡ್. ಕಾಲರ್ ಬಣ್ಣ ನಂಬಬೇಡಿ, ಅದನ್ನು ಯಾರು ಬೇಕಾದರೂ ಬದಲಿಸಬಹುದು. ಬ್ಲೇಡನ್ನು ನೀರಿನಲ್ಲಿರುವಂತೆ ನಿಲ್ಲಿಸಿದಾಗ ಹ್ಯಾಚೆಟ್‌ನ ಹೆಚ್ಚಿನ ಭಾಗ ಶಾಫ್ಟ್‌ನ ಕೆಳಗೆ ಬರಬೇಕು, ಗುಳಿ ದೋಣಿಯ ಹಿಂಭಾಗದ ಕಡೆ ನೋಡಬೇಕು. ಎರಡೂ ಕೂಡಿಬಂದ ಬದಿಯೇ ಅದರ ಬದಿ.

ಕೊನೆಯದಾಗಿ ಬ್ಲೇಡ್‌ನ ಅಂಚು. ತುದಿ ಚಿಪ್ಪೆದ್ದರೆ ಕೆಲವರು ಉಜ್ಜಿ ನುಣುಪು ಮಾಡಿ ಬಣ್ಣ ಬಳಿಯುತ್ತಾರೆ. ಅಂತರರಾಷ್ಟ್ರೀಯ ಸಂಸ್ಥೆ ವರ್ಲ್ಡ್ ರೋಯಿಂಗ್‌ನ ನಿಯಮದಂತೆ ಸ್ವೀಪ್ ಬ್ಲೇಡ್‌ನ ಅಂಚಿನಿಂದ 3 ಮಿ.ಮೀ. ಒಳಗೆ ದಪ್ಪ ಕನಿಷ್ಠ 5 ಮಿ.ಮೀ. ಇರಬೇಕು, ಡಿಕ್ಕಿಯಾದಾಗ ತೆಳ್ಳನೆ ಅಂಚು ಕತ್ತಿಯಂತಾಗುತ್ತದೆ ಎಂಬುದು ಕಾರಣ. ಈ ಸೆಟ್‌ನ ಮೂರು ಬ್ಲೇಡ್‌ಗಳು ಅಷ್ಟು ದಪ್ಪ ಇರಲಿಲ್ಲ. ಕ್ಯಾಲಿಪರ್ ಹಿಡಿದು ಅಂಚಿನ ಉದ್ದಕ್ಕೂ ನಾಲ್ಕೈದು ಕಡೆ ಅಳೆಯಿರಿ, ಹೊಸ ಬಣ್ಣ ಕಂಡ ಕಡೆ ಮೊದಲು. ಸ್ಲೀವ್‌ನ ಆಚೆ ಅಂಚಿನಲ್ಲಿ ಶಾಫ್ಟ್ ಮೇಲೆ ಕೂದಲೆಳೆಯ ಬಿರುಕು ಇದೆಯೇ ಎಂದು ಟಾರ್ಚ್ ಹಾಕಿ ನೋಡಿ. ನಾಣ್ಯದಿಂದ ಬ್ಲೇಡ್ ತಟ್ಟಿ. ಟಣಕ್ ಎನ್ನುವ ಸದ್ದು ಒಂದು ಕಡೆ ಮಂದವಾದರೆ ಅಲ್ಲಿ ಪದರ ಬಿಟ್ಟಿದೆ. ಹುಟ್ಟನ್ನು ಎತ್ತಿ ಅಲುಗಿಸಿ, ಒಳಗೆ ನೀರು ಕುಲುಕಿದರೆ ಬೇಡ ಎನ್ನಿ.

ಮಾರುವವರು ಅಳೆಯಲು ಸಮಯವಿಲ್ಲ ಎಂದರೆ ಎಂಟೂ ಹುಟ್ಟಿನ ಉದ್ದ, ಇನ್‌ಬೋರ್ಡ್, ಪಿಚ್, ಬಾಗು, ಅಂಚಿನ ದಪ್ಪಗಳನ್ನು ಬರವಣಿಗೆಯಲ್ಲಿ ಕೇಳಿ, ಹುಟ್ಟುಗಳಿಗೆ 1ರಿಂದ 8ರವರೆಗೆ ಟೇಪ್ ಅಂಟಿಸಿ ಸಂಖ್ಯೆ ಹಾಕಿದ ಫೋಟೋ ಸಮೇತ. ಮುಂಗಡ ಕೊಡುವುದು ಅದು ಬಂದ ಮೇಲೆ.