ಐದಕ್ಕೆ ನಾಲ್ಕು ಸ್ಟಾರ್: ಜನರಲ್ ಸಾಹೇಬರ ಕಾಲದ ಹೈವೇ

ಹೋಟೆಲ್, ಮೊಬೈಲ್, ಮಿಕ್ಸರ್ ಎಲ್ಲದಕ್ಕೂ ಜನ ಸ್ಟಾರ್ ಕೊಡುತ್ತಾರೆ. ದುಡ್ಡು ಕಟ್ಟಿ ಓಡಾಡುವ ರಸ್ತೆಗೆ ಯಾಕೆ ಕೊಡಬಾರದು? ನಾನು ಮೋಟೆಬೆನ್ನೂರಿನವನು. ನನ್ನದೊಂದು ಬೊಲೆರೊ ಪಿಕಪ್ ಇದೆ. ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋಗುತ್ತೇನೆ, ಬಾಡಿಗೆ ಸಿಕ್ಕರೆ ಧಾರವಾಡ ದಾಟಿ ಬೆಳಗಾವಿಗೂ ಹೋಗುತ್ತೇನೆ. ಈ ವಿಮರ್ಶೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನಮ್ಮೂರಿನಿಂದ ಧಾರವಾಡದ ನರೇಂದ್ರದವರೆಗಿನ ರಸ್ತೆಯದ್ದು. ನಮ್ಮ ಹಳಬರ ಬಾಯಲ್ಲಿ ಇನ್ನೂ ಅದು ಎನ್‌ಎಚ್ ಫೋರ್.

ಮೊದಲು ಒಳ್ಳೆಯದು ಹೇಳುತ್ತೇನೆ. ಮೆಣಸಿನಕಾಯಿ ಲೋಡು ತೂಕ ಕಡಿಮೆ, ಎತ್ತರ ಜಾಸ್ತಿ. ಹಳೇ ರಸ್ತೆಯಲ್ಲಿ ಎದುರಿಗೆ ಲಾರಿ ಬಂದರೆ ಎಡಗಡೆ ಚಕ್ರ ಮಣ್ಣಿಗೆ ಇಳಿಸಬೇಕಿತ್ತು. ಇಳಿಸಿದ ಕೂಡಲೇ ಮೇಲಿನ ಚೀಲಗಳು ಒಂದು ಕಡೆ ವಾಲುತ್ತಿದ್ದವು. ಹಗ್ಗ ಸಡಿಲಾದರೆ ದಾರಿ ತುಂಬ ಕೆಂಪು ಹಾಸು, ಹಿಂದೆ ಬಂದವರಿಗೆಲ್ಲ ಸೀನು. ಡಿವೈಡರ್ ಬಂದ ಮೇಲೆ ಆ ಕಾಟ ಹೋಯಿತು. ಮೊದಲು ನಾಲ್ಕು ಪಥ ಇತ್ತು, ಆಮೇಲೆ ಹಾವೇರಿ–ಹುಬ್ಬಳ್ಳಿ ನಡುವೆ ಆರು ಪಥ ಆಯಿತು. ಬಂಕಾಪುರ, ಶಿಗ್ಗಾವಿ, ತಡಸ ಕ್ರಾಸ್, ವರೂರು ಎಲ್ಲಾ ಹಾಗೇ ಹಿಂದೆ ಸರಿಯುತ್ತವೆ. ಗೇರ್ ಬದಲಿಸುವ ಕೆಲಸವೇ ಕಡಿಮೆ. ಟೈರು, ಡೀಸೆಲ್ ಎರಡರಲ್ಲೂ ಉಳಿತಾಯ. ಟೋಲ್ ಕಟ್ಟುವಾಗ ಹೊಟ್ಟೆ ಉರಿಯುತ್ತದೆ ನಿಜ, ಆದರೆ ಲೆಕ್ಕ ಹಾಕಿ ನೋಡಿದರೆ ನನಗೆ ನಷ್ಟ ಇಲ್ಲ.

ಈ ರಸ್ತೆ ಬಗ್ಗೆ ನಮ್ಮ ಕಾಕಾನ ಮುಂದೆ ಕೆಟ್ಟದ್ದು ಮಾತಾಡುವ ಹಾಗಿಲ್ಲ. ಕಾಕಾ ಬೆಂಗಳೂರಿನ ಎಂಇಜಿಯಲ್ಲಿ, ಅಂದರೆ ಸೈನ್ಯದ ಎಂಜಿನಿಯರ್ ದಳದಲ್ಲಿ ಹವಾಲ್ದಾರ್ ಆಗಿದ್ದವರು. ಅವರಿಗೆ ಇದು ಸರ್ಕಾರದ ರಸ್ತೆ ಅಲ್ಲ, "ನಮ್ಮ ಜನರಲ್ ಸಾಹೇಬ್ರ ರಸ್ತಿ". ಸಾಹೇಬರು ಅಂದರೆ ಭುವನ್ ಚಂದ್ರ ಖಂಡೂರಿ. ಡೆಹ್ರಾಡೂನ್‌ನಲ್ಲಿ ಹುಟ್ಟಿದವರು. 1954ರಲ್ಲಿ ಎಂಜಿನಿಯರ್ ದಳಕ್ಕೆ ಅಧಿಕಾರಿಯಾಗಿ ಸೇರಿ, 1990ರಲ್ಲಿ ಮೇಜರ್ ಜನರಲ್ ಆಗಿ ನಿವೃತ್ತರಾದರು. ಮರುವರ್ಷವೇ ಬಿಜೆಪಿಯಿಂದ ಗಢವಾಲ್ ಸಂಸದ. ಕಾಕಾ ಆ ಸಾಹೇಬರನ್ನು ಯಾವತ್ತೂ ಕಣ್ಣಿಂದ ನೋಡಿಲ್ಲ. ಒಂದೇ ದಳ, ಅಷ್ಟು ಸಾಕು ಅವರಿಗೆ.

ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈ ಜೋಡಿಸುವ ಸುವರ್ಣ ಚತುಷ್ಕೋನ ಒಟ್ಟು 5,846 ಕಿಲೋಮೀಟರ್. ಮುಂಬೈ–ಚೆನ್ನೈ ಭಾಗ ನಮ್ಮ ಹೊಲದ ಮಗ್ಗುಲಲ್ಲೇ ಹಾಯುತ್ತದೆ. ಯೋಜನೆ ವಾಜಪೇಯಿಯವರದ್ದು. ಅದನ್ನು ಓಡಿಸುವ ಕೆಲಸ 2000ದ ನವೆಂಬರ್‌ನಲ್ಲಿ ಖಂಡೂರಿ ಕೈಗೆ ಬಂತು. ಮೊದಲು ಹೆದ್ದಾರಿ ಖಾತೆಯ ರಾಜ್ಯ ಸಚಿವ, 2003ರಲ್ಲಿ ಸಂಪುಟ ದರ್ಜೆ. ದುಡ್ಡು ಎಲ್ಲಿಂದ ಅಂದರೆ ನಾವು ಹಾಕಿಸುವ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 1 ರೂಪಾಯಿ ಸೆಸ್. ಜೊತೆಗೆ ಸಾಲ. ಹಾಗೆ ನೋಡಿದರೆ ಟೋಲ್ ಕಟ್ಟುವ ಮೊದಲೇ ನಾವು ಈ ರಸ್ತೆಗೆ ಮುಂಗಡ ಕೊಟ್ಟಿದ್ದೇವೆ!

"ಮಿಲಿಟ್ರ್ಯಾಗ ರಸ್ತಿ ಮುಗದದ ಅಂದ್ರ ಅದರ ಮ್ಯಾಲ ಲಾರಿ ಹೋಗಬೇಕು. ರಿಬ್ಬನ್ ಕತ್ತರಿಸಿದ್ರ ಆಗೂದಿಲ್ಲ ತಮ್ಮಾ," ಅನ್ನುತ್ತಾರೆ ಕಾಕಾ. ಮಾತು ಚೆನ್ನಾಗಿದೆ. ಆದರೆ ಸಾಹೇಬರು 2004ರಲ್ಲಿ ಸರ್ಕಾರದ ಜೊತೆ ಇಳಿದಾಗ ನಮ್ಮ ಕಡೆ ಇನ್ನೂ ಜಲ್ಲಿ ರಾಶಿ ಇತ್ತು. ಇಡೀ ಚತುಷ್ಕೋನ ಮುಗಿಯಿತು ಅಂತ ಸರ್ಕಾರ ಹೇಳಿದ್ದು 2012ರಲ್ಲಿ. ಇನ್ನೊಂದು ವಿಷಯ ಕಾಕಾ ಎತ್ತುವುದಿಲ್ಲ, ನಾನು ಎತ್ತುತ್ತೇನೆ. ಇದೇ ಯೋಜನೆಯ ಬಿಹಾರದ ಭಾಗದಲ್ಲಿ ಸತ್ಯೇಂದ್ರ ದುಬೆ ಅಂತ ಎಂಜಿನಿಯರ್ ಇದ್ದರು. ಕಾಮಗಾರಿಯಲ್ಲಿ ಅವ್ಯವಹಾರ ನಡೆದಿದೆ, ನನ್ನ ಹೆಸರು ಗುಟ್ಟಾಗಿಡಿ ಅಂತ ಪ್ರಧಾನಿ ಕಚೇರಿಗೆ ಪತ್ರ ಬರೆದರು. ಆ ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ತಿರುಗಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಗಾಗಿ ನಡೆದ ಕೊಲೆ ಅಂದಿತು ಸಿಬಿಐ. ಆಗ ಈ ಇಲಾಖೆಯ ಮಂತ್ರಿ ಖಂಡೂರಿಯವರೇ. ರಸ್ತೆಗೆ ಸ್ಟಾರ್ ಕೊಡುವಾಗ ಇದನ್ನು ಬಿಟ್ಟು ಲೆಕ್ಕ ಹಾಕಲು ನನಗೆ ಮನಸ್ಸಿಲ್ಲ.

ಇನ್ನು ಕೊರತೆಗಳು. ಸರ್ವಿಸ್ ರಸ್ತೆ ಎಲ್ಲಾ ಕಡೆ ಕೂಡಿಲ್ಲ. ಅರ್ಧಕ್ಕೆ ನಿಲ್ಲುತ್ತದೆ. ಊರಿನವರು ಅಂಡರ್‌ಪಾಸ್ ತನಕ ಸುತ್ತಿ ಬರಲು ಬೇಜಾರಾಗಿ ಬೈಕನ್ನು ಉಲ್ಟಾ ದಿಕ್ಕಿನಲ್ಲಿ ತರುತ್ತಾರೆ. ಕಬ್ಬಿನ ಸೀಸನ್‌ನಲ್ಲಿ ಟ್ರ್ಯಾಕ್ಟರ್ ಟ್ರೈಲರ್‌ಗಳು ಹಿಂದೆ ದೀಪ ಇಲ್ಲದೆ ನಿಂತಿರುತ್ತವೆ. ಟೋಲ್ ನಾಕಾದ ಶೌಚಾಲಯದ ಬಾಗಿಲಿಗೆ ಎಷ್ಟೋ ರಾತ್ರಿ ಬೀಗ. ಒಮ್ಮೆ ನನ್ನ ಫಾಸ್ಟ್ಯಾಗ್‌ನಲ್ಲಿ ಒಂದೇ ದಾಟಿಗೆ ಎರಡು ಸಲ ದುಡ್ಡು ಹೋಯಿತು. ನಾಕಾದ ಹುಡುಗ ಬ್ಯಾಂಕ್ ಕಡೆ ಕೈ ತೋರಿಸಿದ, ಬ್ಯಾಂಕಿನವರು ನಾಕಾ ಕಡೆ. ಕೊನೆಗೆ 1033ಕ್ಕೆ ಫೋನ್ ಮಾಡಿ ಬೆನ್ನು ಬಿದ್ದ ಮೇಲೆ ವಾಪಸ್ ಬಂತು. ಈ ನಂಬರ್ ಹೈವೇ ಸಹಾಯವಾಣಿಯದು, ಗಾಡಿ ಕೆಟ್ಟರೂ ಉಪಯೋಗಕ್ಕೆ ಬರುತ್ತದೆ.

ದೊಡ್ಡ ಕೊರತೆ ಹುಬ್ಬಳ್ಳಿ–ಧಾರವಾಡ ಬೈಪಾಸ್. ಹಾವೇರಿಯಿಂದ ಅಗಲ ರಸ್ತೆಯಲ್ಲಿ ಬಂದ ಗಾಡಿಗಳೆಲ್ಲ ಗಬ್ಬೂರು ದಾಟಿದ ಕೂಡಲೇ ವರ್ಷಗಟ್ಟಲೆ ಎರಡೇ ಪಥಕ್ಕೆ ನುಗ್ಗಬೇಕಿತ್ತು. ಆರು ಪಥದ ವೇಗ ಕಾಲಿಗೆ ರೂಢಿ ಆಗಿರುತ್ತದೆ, ಎದುರಿಗೆ ದಿಢೀರ್ ಅಂತ ಹೆಡ್‌ಲೈಟ್. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ಗಾಡಿಗೆ ಆದ ಅಪಘಾತ ನಿಮಗೆಲ್ಲ ನೆನಪಿರಬೇಕು. ಆ ಬೈಪಾಸ್ ಅಗಲ ಮಾಡುವ ಕೆಲಸಕ್ಕೆ ಅಡಿಗಲ್ಲು ಬಿದ್ದದ್ದು ಅದಾದ ಮೇಲೆ, 2022ರಲ್ಲಿ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಮುಖ್ಯವಾಗಿ ಇದಕ್ಕೇ. ಈ ಬೈಪಾಸನ್ನು ಖಂಡೂರಿ ತಲೆಗೆ ಕಟ್ಟುವುದು ಸರಿಯಲ್ಲ. ಅದು ಖಾಸಗಿಯವರು ಕಟ್ಟಿ ಟೋಲ್ ಎತ್ತುವ ಬೇರೆ ಕರಾರಿನಲ್ಲಿ ಆದದ್ದು.

ಸಾಹೇಬರ ರಾಜಕೀಯಕ್ಕೆ ಎಷ್ಟು ಸ್ಟಾರ್? ಇಲ್ಲಿ ನನಗೂ ಕಾಕಾಗೂ ಜಗಳ. 2007ರಲ್ಲಿ ಉತ್ತರಾಖಂಡದ ಮುಖ್ಯಮಂತ್ರಿ ಆದರು. 2009ರ ಲೋಕಸಭೆಯಲ್ಲಿ ಪಕ್ಷ ಅಲ್ಲಿನ ಐದೂ ಸೀಟು ಸೋತಿತು, ಕುರ್ಚಿ ಹೋಯಿತು. ಚುನಾವಣೆ ಹತ್ತಿರ ಬಂದಾಗ, 2011ರ ಸೆಪ್ಟೆಂಬರ್‌ನಲ್ಲಿ ಅದೇ ಪಕ್ಷ ಅವರನ್ನೇ ವಾಪಸ್ ಕರೆಯಿತು. ಬಂದವರೇ ಮುಖ್ಯಮಂತ್ರಿಯನ್ನೂ ಒಳಗೆ ಸೇರಿಸುವ ಲೋಕಾಯುಕ್ತ ಮಸೂದೆ ಪಾಸು ಮಾಡಿಸಿದರು. "ಖಂಡೂರಿ ಹೈ ಜರೂರಿ" ಅಂತ ಪಕ್ಷ ಊರೆಲ್ಲ ಕೂಗಿತು. 2012ರಲ್ಲಿ ಕಾಂಗ್ರೆಸ್ಸಿಗೆ 32, ಬಿಜೆಪಿಗೆ 31. ಆ ಕಡಿಮೆ ಬಿದ್ದ ಸೀಟುಗಳಲ್ಲಿ ಒಂದು ಕೋಟದ್ವಾರ, ಸಾಹೇಬರು ತಾವೇ ನಿಂತು ಸೋತದ್ದು.

"ಆರ್ಡರ್ ಕೊಟ್ಟು ರೂಢಿ ಆದವರಿಗೆ ವೋಟು ಕೇಳೂದು ಬರೂದಿಲ್ಲ ಕಾಕಾ," ಅಂದೆ. "ಒಳಗಿನವರೇ ಕೆಡಿಸಿದ್ರು," ಅಂತ ಕಾಕಾ. ನನಗೆ ಅದು ಪೂರ್ತಿ ಉತ್ತರ ಅನಿಸುವುದಿಲ್ಲ. ಗಢವಾಲ್‌ನಲ್ಲಿ ಮತ್ತೆ ಮತ್ತೆ ಗೆದ್ದವರು, ವೋಟು ಕೇಳಲು ಬಾರದವರೇನಲ್ಲ. 2014ರಲ್ಲೂ ಗೆದ್ದರು, ಸಂಸತ್ತಿನ ರಕ್ಷಣಾ ಸಮಿತಿಯ ಅಧ್ಯಕ್ಷರಾದರು. ಆ ಸಮಿತಿ 2018ರಲ್ಲಿ ಸೈನ್ಯದ ಸಾಮಗ್ರಿಯಲ್ಲಿ 68% ಹಳೇ ಕಾಲದ್ದು ಅಂತ ವರದಿ ಕೊಟ್ಟಿತು. ಆಗ ಕೇಂದ್ರದಲ್ಲಿದ್ದದ್ದು ಅವರದೇ ಪಕ್ಷದ ಸರ್ಕಾರ. ಅದೇ ವರ್ಷ ಅಧ್ಯಕ್ಷ ಸ್ಥಾನ ಬೇರೆಯವರ ಪಾಲಾಯಿತು. ನನ್ನ ಕಡೆಯಿಂದ ಐದಕ್ಕೆ ಮೂರೂವರೆ, ಅರ್ಧ ಆ ವರದಿಗೆ. ಕಾಕಾ ಐದು ಕೊಟ್ಟರು. ಕೋಟದ್ವಾರದಲ್ಲಿ 2022ರಲ್ಲಿ ಮಗಳು ರಿತು ಗೆದ್ದದ್ದನ್ನೂ ಅಪ್ಪನ ಖಾತೆಗೆ ಜಮಾ ಮಾಡಿದರು. ಅಪ್ಪನನ್ನು ಸೋಲಿಸಿದವರನ್ನೇ ಸೋಲಿಸಿದಳಲ್ಲ, ಅದಕ್ಕೆ.

ಹೊಸದಾಗಿ ಈ ದಾರಿಗೆ ಇಳಿಯುವವರಿಗೆ: ಮೆಣಸಿನಕಾಯಿ ಸೀಸನ್‌ನಲ್ಲಿ, ಜನವರಿಯಿಂದ ಮಾರ್ಚ್ ತನಕ, ಬ್ಯಾಡಗಿ ಮಾರ್ಕೆಟ್ ನಡೆಯುವ ದಿನ ಮೋಟೆಬೆನ್ನೂರು ಕ್ರಾಸ್ ಹತ್ತಿರ ಲಾರಿ ಸಾಲು ಇರುತ್ತದೆ. ಬೆಳಕು ಹರಿಯುವ ಮೊದಲೇ ದಾಟಿಬಿಡಿ. ಫಾಸ್ಟ್ಯಾಗ್‌ನಲ್ಲಿ ದುಡ್ಡು ನೋಡಿಕೊಳ್ಳಿ, ಇಲ್ಲದಿದ್ದರೆ ನಾಕಾದಲ್ಲಿ ಜಾಸ್ತಿ ಕೇಳುತ್ತಾರೆ. ಚಹಾಕ್ಕೆ ತಡಸ ಕ್ರಾಸ್‌ನಲ್ಲಿ ನಿಲ್ಲಿಸಿ, ಮಿರ್ಚಿ ಭಜಿ ಬಿಸಿ ಇದ್ದರೆ ಮಾತ್ರ ತಗೊಳ್ಳಿ.