ಸಂಸೆ ಕಡೆಯ ಹೋಂಸ್ಟೇ: ಕುದುರೆಮುಖ ಹತ್ತೋಕೆ ಒಳ್ಳೇದು, ಜೀಪಿನ ದುಡ್ಡು ಮೊದಲೇ ಕೇಳಿ

ರೆಸಾರ್ಟ್ ಥರ ಇರಬೇಕು ಅನ್ನುವವರು ಇಲ್ಲಿಗೆ ಬರಬೇಡಿ. ಬೆಳಕು ಹರಿಯುವಷ್ಟರಲ್ಲಿ ಹೊರಡಬೇಕು, ಸಂಜೆ ಕಾಲು ಎಳೆದುಕೊಂಡು ಬಂದಾಗ ಹಂಡೆ ತುಂಬಾ ಬಿಸಿನೀರು ಇರಬೇಕು, ಇಷ್ಟು ಸಾಕು ಅನ್ನುವವರಿಗೆ ಹೇಳಿ ಮಾಡಿಸಿದ ಜಾಗ. ಕಾಫಿ ತೋಟದ ನಡುವೆ ಹಂಚಿನ ಮನೆ. ರೂಮು ಚಿಕ್ಕವು, ಗೋಡೆ ತೆಳು, ಪಕ್ಕದವರ ಗೊರಕೆ ಫ್ರೀ.

ನಾವು ಹೋಗಿದ್ದು ನವೆಂಬರ್ ಕೊನೆಗೆ. ನನ್ನನ್ನು ಕೇಳಿದರೆ ಕುದುರೆಮುಖಕ್ಕೆ ಅದೇ ಸರಿಯಾದ ಕಾಲ. ಮಳೆ ಹಿಂದೆ ಸರಿದಿರುತ್ತದೆ, ಹಳ್ಳಗಳಲ್ಲಿ ನೀರು ಇನ್ನೂ ಇರುತ್ತದೆ ಆದರೆ ದಾಟೋಕೆ ಭಯ ಇರುವುದಿಲ್ಲ, ಗುಡ್ಡದ ಮೇಲಿನ ಹುಲ್ಲು ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ, ಕಣಿವೆಯ ಶೋಲಾ ಕಾಡು ಮಾತ್ರ ಕಡುಹಸಿರು. ಜುಲೈನಲ್ಲಿ ಬರುವವರು ಎಷ್ಟೋ ಸಲ ಮೋಡದೊಳಗೆ ನಿಂತು ಫೋಟೊ ತೆಗೆಸಿಕೊಂಡು ಇಳಿಯುತ್ತಾರೆ, ಅಷ್ಟೇ. ಎತ್ತರದಲ್ಲಿ ಮುಳ್ಳಯ್ಯನಗಿರಿಯೇ ದೊಡ್ಡದು, 1,930 ಮೀಟರ್. ಆದರೆ ಅಲ್ಲಿ ಗಾಡಿ ಇಳಿದು ಮೆಟ್ಟಿಲು ಹತ್ತಿದರೆ ಮುಗಿಯಿತು. ಇಲ್ಲಿ ಹೋಗಿ ಬರೋಕೆ ಹೆಚ್ಚುಕಮ್ಮಿ 20 ಕಿಲೋಮೀಟರ್ ನಡಿಗೆ, ಅದೂ ಸಂಜೆಯೊಳಗೆ ಇಳಿದಿರಬೇಕು. ರಾಷ್ಟ್ರೀಯ ಉದ್ಯಾನ ಅಲ್ವಾ, ಮೇಲೆ ಟೆಂಟ್ ಹಾಕುವ ಮಾತೇ ಇಲ್ಲ.

ಈ ಹೋಂಸ್ಟೇಯ ಅಸಲಿ ಬಂಡವಾಳ ಅವರು ಕಳಿಸುವ ಗೈಡ್. ಅದೇ ಊರಿನ ಹುಡುಗ, ಉಳಿದ ದಿನ ಕಾಫಿ ಕುಯ್ಲಿಗೆ ಹೋಗುತ್ತಾನಂತೆ. ಮಾತು ಕಡಿಮೆ, ಕಣ್ಣು ಚುರುಕು. ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಇರುವಾಗ "ಅಣ್ಣ, ಅಡ್ಡದಾರಿ ಬೇಡ, ಜಾರುತ್ತೆ" ಎಂದು ಸವೆದ ದಾರಿಯಲ್ಲೇ ಕರೆದುಕೊಂಡು ಹೋದ. ತುದಿ ತಲುಪಿದ ಕೂಡಲೇ ನಾವು ಬೆವರಿಗೆ ಗಾಳಿ ಬೀಸಲಿ ಎಂದು ಕೂತರೆ, ಮೊದಲು ಜಾಕೆಟ್ ಹಾಕಿ ಎಂದು ಗದರಿಸಿದ. ಎರಡೇ ನಿಮಿಷಕ್ಕೆ ಯಾಕೆ ಅಂತ ಗೊತ್ತಾಯಿತು, ಆ ಗಾಳಿ ಒದ್ದೆ ಅಂಗಿಯೊಳಗೆ ನುಗ್ಗಿ ಹಲ್ಲು ಕಟಕಟ ಅನ್ನಿಸಿಬಿಟ್ಟಿತು.

ಇನ್ನೊಂದು ವಿಷಯಕ್ಕೆ ಈ ಮನೆಯವರಿಗೆ ಪೂರ್ತಿ ಮಾರ್ಕು. ಚಳಿಗಾಲಕ್ಕೆ ಉಂಬಳ (ಕಾಡಿನ ಜಿಗಣೆ) ಕಡಿಮೆಯಾಗುತ್ತದೆ ಎಂದು ಎಲ್ಲರೂ ಖುಷಿಪಡುತ್ತಾರೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗಿನ ಬಗ್ಗೆ ಯಾರೂ ಹೇಳುವುದಿಲ್ಲ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಇದರಿಂದಲೇ, ಡಿಸೆಂಬರಿನಿಂದ ಬೇಸಿಗೆವರೆಗೆ ಕಾಟ ಜಾಸ್ತಿ. ಹೊರಡುವಾಗ ಮನೆಯ ಅಮ್ಮ ಕೈಕಾಲಿಗೆ ಹಚ್ಚಿಕೊಳ್ಳೋಕೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಕೊಟ್ಟರು, ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿಕೊಳ್ಳಿ ಎಂದರು. ವಾಪಸ್ ಬಂದ ಮೇಲೆ ಬಟ್ಟೆಯನ್ನು ರೂಮಿಗೆ ತರೋಕೆ ಬಿಡಲಿಲ್ಲ, ನೇರ ಬಿಸಿನೀರಿಗೆ. ಸ್ವಲ್ಪ ಜೋರು ಅಮ್ಮ, ಆದರೆ ಹಾಗೇ ಇರಬೇಕು.

ಊಟದಲ್ಲಿ ಅಕ್ಕಿ ರೊಟ್ಟಿ, ಕಾಯಿ ಚಟ್ನಿ ಚೆನ್ನಾಗಿತ್ತು. ರಾತ್ರಿಯ ಹುರುಳಿ ಸಾರು ಅದಕ್ಕಿಂತ ಚೆನ್ನಾಗಿತ್ತು. ಬೆಟ್ಟಕ್ಕೆ ಕಟ್ಟಿಕೊಟ್ಟ ಚಿತ್ರಾನ್ನ ಮಾತ್ರ ಒಣಒಣ, ಎಣ್ಣೆ ಹಾಕೋಕೂ ಜಿಪುಣತನ ಮಾಡಿದಂತಿತ್ತು.

ಬೇಜಾರಾಗಿದ್ದು ದುಡ್ಡಿನ ವಿಷಯಕ್ಕೆ. ನಡಿಗೆ ಶುರುವಾಗುವ ಮುಳ್ಳೋಡಿವರೆಗಿನ ಜೀಪು ಪ್ಯಾಕೇಜಿನಲ್ಲಿ ಇಲ್ಲ ಎಂದು ಫೋನಿನಲ್ಲಿ ಬಾಯಿಬಿಡಲಿಲ್ಲ, ಹಿಂದಿನ ರಾತ್ರಿ ಊಟ ಆದ ಮೇಲೆ ಹೇಳಿದರು. ಆ ದಾರಿಗೆ ನಮ್ಮ ಕಾರು ಹೋಗುವುದಿಲ್ಲ, ಬೇಡ ಅನ್ನೋಕೂ ಆಗಲ್ಲ. ಜೀಪಿಗೆ ದುಡ್ಡು ಕೇಳುವುದು ತಪ್ಪಲ್ಲ, ಬಚ್ಚಿಟ್ಟಿದ್ದು ತಪ್ಪು. ಅದಕ್ಕೇ ಐದರಲ್ಲಿ ಒಂದು ಸ್ಟಾರ್ ಕಟ್.

ಹೋಗುವವರು ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಸಿಕ್ಕ ಮೇಲೆ ಇವರಿಗೆ ಅಡ್ವಾನ್ಸ್ ಕೊಡಿ. ದಿನಕ್ಕೆ ಇಂತಿಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರದ್ದು ಬೇಗ ಖಾಲಿಯಾಗುತ್ತದೆ. ಕುಯ್ಲು ಜೋರಾದರೆ ಆ ಹುಡುಗ ಸಿಗುವುದೂ ಕಷ್ಟವಂತೆ, ಅವನೇ ಬರುತ್ತಾನಾ ಎಂದು ಕೇಳಿಕೊಳ್ಳಿ.